ಒಮೆಗಾ 999 ಬಂದಾಗ: ಧನಾತ್ಮಕ ಆಯ್ಕೆಯ ಸುಳ್ಳು ಸಂಕೇತವನ್ನು ಪತ್ತೆಹಚ್ಚುವ ಕ್ರಮ

ಸ್ನಾತಕೋತ್ತರ ತರಗತಿಯ ಯೋಜನಾ ವರದಿಗಳು ಕೈಸೇರುವ ತಿಂಗಳಲ್ಲಿ ದಾವಣಗೆರೆಯ ನಮ್ಮ ವಿಭಾಗದ ಮೇಜಿಗೆ ಒಂದು ಬಗೆಯ ದೋಷ ತಪ್ಪದೆ ಬರುತ್ತದೆ, ಅದೂ ಸಂತೋಷದ ಸುದ್ದಿಯ ವೇಷದಲ್ಲಿ. ಆರಿಸಿಕೊಂಡ ಜೀನಿನ ಮೇಲೆ ಧನಾತ್ಮಕ ನೈಸರ್ಗಿಕ ಆಯ್ಕೆ (ಲಾಭದ ಬದಲಾವಣೆಗಳು ಉಳಿದು ಹರಡುವುದು) ನಡೆದಿದೆ, ಅದರ ಅಳತೆಯಾದ ಒಮೆಗಾ ಎಂಬ ಅನುಪಾತ 999 ಬಂದಿದೆ, ಪರೀಕ್ಷೆಯ ಪಿ ಬೆಲೆ (ಆಯ್ಕೆಯಿಲ್ಲದೆ ಬರೀ ಆಕಸ್ಮಿಕವಾಗಿ ಹೀಗೆ ಬರುವ ಸಂಭವ) ಸೊನ್ನೆಗೆ ಅಂಟಿಕೊಂಡಿದೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಇಂತಹ ಫಲಿತಾಂಶ ಕಂಡಾಗ ಪ್ರಾಣಿಯ ಚರಿತ್ರೆಯನ್ನು ವಿವರಿಸಲು ಹೊರಡುವ ಮುನ್ನ ಕಂಪ್ಯೂಟರಿಗೆ ಕೊಟ್ಟ ಕಡತವನ್ನು ಶಂಕಿಸಬೇಕೆಂಬುದೇ ಈ ಕೈಪಿಡಿಯ ಆಧಾರ. ಯಾವುದನ್ನು ಮೊದಲು ಶಂಕಿಸಬೇಕು, ಯಾವುದನ್ನು ಆಮೇಲೆ ಎಂಬ ಕ್ರಮವನ್ನು ನಮ್ಮಲ್ಲೇ ನಡೆದ ಒಂದು ಪ್ರಕರಣವನ್ನು ಹಿಡಿದು ವಿವರಿಸುತ್ತೇನೆ.

ಪ್ರಕರಣ

ಹೊಳಲ್ಕೆರೆ ಕಡೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಲೈಸೊಜೈಮ್ ಎಂಬ ಪ್ರೋಟೀನನ್ನು ಆರಿಸಿಕೊಂಡಿದ್ದಳು. ಆಯ್ಕೆ ಚೆನ್ನಾಗಿಯೇ ಇತ್ತು. ಚಿತ್ರದುರ್ಗದ ಕೋಟೆಗೆ ಹೋದವರ ಕೈಯಿಂದ ಕಡಲೆಕಾಯಿ ಪೊಟ್ಟಣ ಕಸಿದು ಕೆನ್ನೆಚೀಲಕ್ಕೆ ತುಂಬಿಕೊಳ್ಳುವ ಕೋತಿಯೂ, ಮರದ ಮೇಲೆ ಕುಳಿತು ಎಲೆ ಮೇಯುವ ಕಪ್ಪು ಮುಖದ ಮುಸುವವೂ ಹತ್ತಿರದ ಸಂಬಂಧಿಗಳಾದರೂ ಹೊಟ್ಟೆಯ ವಿಷಯದಲ್ಲಿ ಬೇರೆ ಬೇರೆ. ಮುಸುವದ ಹೊಟ್ಟೆಯ ಮುಂಭಾಗದಲ್ಲಿ ಬ್ಯಾಕ್ಟೀರಿಯಾಗಳು ಎಲೆಯನ್ನು ಹುದುಗಿಸುತ್ತವೆ; ಅಲ್ಲಿಂದ ಮುಂದಕ್ಕೆ ಹರಿದುಬರುವ ಆ ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಲೈಸೊಜೈಮ್ ಒಡೆದು ಅವುಗಳನ್ನು ಆಹಾರವಾಗಿಸುತ್ತದೆ. ಹಸುವಿನಲ್ಲಿಯೂ ನಡೆಯುವುದು ಇದೇ. ಮುಸುವದ ಲೈಸೊಜೈಮ್ ಕೆಲವು ಸ್ಥಾನಗಳಲ್ಲಿ ಹಸುವಿನದನ್ನು ಹೋಲುವಂತೆ ಸ್ವತಂತ್ರವಾಗಿ ಬದಲಾಗಿದೆಯೆಂದು 1987ರಲ್ಲಿ ಸ್ಟೀವರ್ಟ್, ಶಿಲ್ಲಿಂಗ್ ಮತ್ತು ವಿಲ್ಸನ್ ತೋರಿಸಿದ್ದರು. ಈ ಬದಲಾವಣೆಯ ರಭಸವೆಲ್ಲ ಎಲೆ ತಿನ್ನುವ ಕೋತಿಗಳ ಸಾಮಾನ್ಯ ಪೂರ್ವಜನ ಕವಲಿನಲ್ಲಿ ನಡೆದು, ಆಮೇಲೆ ತಣ್ಣಗಾಯಿತೆಂದು 1997ರಲ್ಲಿ ಮೆಸ್ಸಿಯರ್ ಮತ್ತು ಸ್ಟೀವರ್ಟ್ ವಾದಿಸಿದರು.

ಆದರೆ ವಿದ್ಯಾರ್ಥಿನಿಯ ಫಲಿತಾಂಶ ಬೇರೆಯೇ ಮಾತು ಹೇಳುತ್ತಿತ್ತು. ಪೂರ್ವಜನ ಕವಲು ಸುಮ್ಮನಿತ್ತು. ಮರದ ತುದಿಯಲ್ಲಿದ್ದ ಒಂದೇ ಒಂದು ಪ್ರಭೇದದ ಕವಲಿನಲ್ಲಿ ಒಮೆಗಾ 999 ಬಂದಿತ್ತು, ಮತ್ತು ಆಯ್ಕೆಗೆ ಒಳಗಾದವೆಂದು ಗುರುತಾದ ಸ್ಥಾನಗಳೆಲ್ಲ ಒಂದರ ಪಕ್ಕ ಒಂದು ಒತ್ತಾಗಿ ಕುಳಿತಿದ್ದವು. ಈ ಎರಡನೆಯ ಸಂಗತಿಯೇ ನನಗೆ ಅನುಮಾನ ತಂದದ್ದು. ಪ್ರೋಟೀನಿನ ಸರಪಳಿ ಮಡಚಿಕೊಂಡು ಉಂಡೆಯಾಗುವುದರಿಂದ, ಆಯ್ಕೆಯ ಒತ್ತಡ ಬೀಳುವ ಮೇಲ್ಮೈಯ ಸ್ಥಾನಗಳು ಸರಪಳಿಯಲ್ಲಿ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ಅಪವಾದಗಳು ಇಲ್ಲವೆಂದಲ್ಲ: ರೆಟ್ರೊವೈರಸ್‌ಗಳನ್ನು ತಡೆಯುವ ಟ್ರಿಮ್5 ಆಲ್ಫಾ ಪ್ರೋಟೀನಿನಲ್ಲಿ 13 ಅಮೈನೋ ಆಮ್ಲಗಳ ಒಂದು ತುಣುಕಿನಲ್ಲೇ ಆಯ್ಕೆಯ ಗುರುತುಗಳು ನೆರೆದಿವೆಯೆಂದು 2005ರಲ್ಲಿ ತೋರಿಸಲಾಗಿದೆ. ಆದರೆ ಅಲ್ಲಿ ಆ ತುಣುಕು ಅನೇಕ ಕವಲುಗಳಲ್ಲಿ ಪದೇ ಪದೇ ಬದಲಾಗಿದೆ. ಒಂದೇ ಪ್ರಭೇದದಲ್ಲಿ, ಒಂದೇ ಕಡೆ, ಸಾಲಾಗಿ ಒಂಬತ್ತು ಅಮೈನೋ ಆಮ್ಲಗಳು ಏಕಾಏಕಿ ಬದಲಾಗಿವೆ ಎಂದರೆ ನಿಸರ್ಗಕ್ಕಿಂತ ಮೊದಲು ಮನುಷ್ಯರ ಕೈವಾಡವನ್ನು ಹುಡುಕಬೇಕು.

ದೋಷವು ಆಯ್ಕೆಯಂತೆ ಏಕೆ ಕಾಣುತ್ತದೆ

ಒಮೆಗಾ ಎಂದರೆ ಎರಡು ದರಗಳ ಅನುಪಾತ. ಮೇಲಿರುವುದು ಅಮೈನೋ ಆಮ್ಲವನ್ನು ಬದಲಿಸುವ, ಅಂದರೆ ಅರ್ಥಪಲ್ಲಟದ ಬದಲಾವಣೆಗಳ ದರ. ಕೆಳಗಿರುವುದು ಅಮೈನೋ ಆಮ್ಲವನ್ನು ಹಾಗೆಯೇ ಉಳಿಸುವ ಸಮಾನಾರ್ಥಕ ಬದಲಾವಣೆಗಳ ದರ. ಎರಡನ್ನೂ ಅಂತಹ ಬದಲಾವಣೆಗೆ ಇರುವ ಅವಕಾಶಗಳ ಸಂಖ್ಯೆಯಿಂದ ಭಾಗಿಸಿಯೇ ಹೋಲಿಸುತ್ತಾರೆ. ಸಮಾನಾರ್ಥಕ ಬದಲಾವಣೆಗಳ ಮೇಲೆ ಆಯ್ಕೆಯ ಹಿಡಿತ ಕಡಿಮೆಯೆಂದು ಭಾವಿಸಿ ಅವನ್ನು ಅಳತೆಗೋಲಾಗಿ ಬಳಸುವುದು ಇಲ್ಲಿನ ಉಪಾಯ. ಅನುಪಾತ 1ಕ್ಕಿಂತ ಕಡಿಮೆ ಇದ್ದರೆ ಪ್ರೋಟೀನನ್ನು ಇದ್ದ ಹಾಗೆ ಕಾಯುವ ಶುದ್ಧೀಕರಣದ ಆಯ್ಕೆ, 1ರ ಹತ್ತಿರವಿದ್ದರೆ ತಟಸ್ಥತೆ, 1ನ್ನು ಖಚಿತವಾಗಿ ಮೀರಿದರೆ ಧನಾತ್ಮಕ ಆಯ್ಕೆ.

ಅವಕಾಶಗಳ ಲೆಕ್ಕವನ್ನು ಒಮ್ಮೆ ಕೈಯಿಂದ ಮಾಡಿ ನೋಡುವುದು ಒಳ್ಳೆಯದು. ಡಿಎನ್‌ಎಯ ಮೂರು ಅಕ್ಷರಗಳ ಗುಂಪು, ಅಂದರೆ ಕೋಡಾನ್, ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಪ್ರೋಟೀನು ಇಲ್ಲಿಗೆ ಮುಗಿಯಿತೆನ್ನುವ ಸ್ಟಾಪ್ ಕೋಡಾನ್‌ಗಳನ್ನು ಬಿಟ್ಟರೆ 61 ಕೋಡಾನ್‌ಗಳು, ಪ್ರತಿಯೊಂದರಲ್ಲಿ ಒಂದಕ್ಷರ ಬದಲಿಸುವ ದಾರಿಗಳು 9, ಒಟ್ಟು 549. ಇವುಗಳಲ್ಲಿ 392 ಅಮೈನೋ ಆಮ್ಲವನ್ನು ಬದಲಿಸುತ್ತವೆ, 23 ಸ್ಟಾಪ್ ಕೋಡಾನ್ ಆಗುತ್ತವೆ, ಕೇವಲ 134 ಸಮಾನಾರ್ಥಕವಾಗಿ ಉಳಿಯುತ್ತವೆ. ಅಂದರೆ ಕಣ್ಣುಮುಚ್ಚಿ ಎಸೆದ ಕಲ್ಲು ನಾಲ್ಕರಲ್ಲಿ ಮೂರು ಸಲ ಅರ್ಥವನ್ನೇ ಕೆಡಿಸುತ್ತದೆ. ಮೂರರ ಗುಂಪು ಎಲ್ಲಿಂದ ಶುರುವಾಗುತ್ತದೆಂಬ ಓದಿನ ಚೌಕಟ್ಟು ಜಾರಿದಾಗ ಪರಿಸ್ಥಿತಿ ಇನ್ನೂ ಹದಗೆಡುತ್ತದೆ: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೋಡಾನ್‌ಗಳನ್ನು, ಪ್ರಭೇದಗಳ ಅನುಕ್ರಮಗಳನ್ನು ಒಂದರ ಕೆಳಗೊಂದು ಜೋಡಿಸುವಾಗ, ಒಂದೇ ಕಂಬದಲ್ಲಿ ನಿಲ್ಲಿಸಿದರೆ ಅವೆರಡೂ ಒಂದೇ ಅಮೈನೋ ಆಮ್ಲವನ್ನು ಸೂಚಿಸುವುದು ಅಪರೂಪವಾದ್ದರಿಂದ, ಲೆಕ್ಕಹಾಕುವ ಪ್ರೋಗ್ರಾಮಿಗೆ ಅಲ್ಲಿ ಅರ್ಥಪಲ್ಲಟದ ಬದಲಾವಣೆಗಳ ಮಳೆಯೇ ಸುರಿದಂತೆ ಕಾಣುತ್ತದೆ. ಅದೇ ಕವಲಿನಲ್ಲಿ ಸಮಾನಾರ್ಥಕ ಬದಲಾವಣೆ ಒಂದೂ ಇಲ್ಲದೆ ಹೋದರೆ ಛೇದ ಸೊನ್ನೆಯಾಗುತ್ತದೆ, ಅನುಪಾತ ಅನಂತಕ್ಕೆ ಓಡುತ್ತದೆ. ಜಿಹೆಂಗ್ ಯಾಂಗ್ ಅವರ ಪ್ಯಾಮ್ಲ್ ತಂತ್ರಾಂಶದಲ್ಲಿರುವ ಕೋಡ್‌ಎಂಎಲ್ ಪ್ರೋಗ್ರಾಮು ಆ ಓಟವನ್ನು 999ರಲ್ಲಿ ತಡೆದು ನಿಲ್ಲಿಸುತ್ತದೆ. ಆದ್ದರಿಂದ 999 ಒಂದು ಅಳತೆಯಲ್ಲ, ಗೇಟು. ಅದನ್ನು ವರದಿಯಲ್ಲಿ ಸಂಖ್ಯೆಯಾಗಿ ಬರೆದು ಮಾನವನದಕ್ಕಿಂತ ಇಷ್ಟು ಪಟ್ಟು ಹೆಚ್ಚೆಂದು ಹೋಲಿಸುವುದು ಅರ್ಥವಿಲ್ಲದ ಕೆಲಸ.

ಹಾಗೆಂದು 999 ಬಂದದ್ದೆಲ್ಲ ಸುಳ್ಳಲ್ಲ. ಚಿಕ್ಕ ಜೀನು, ಚಿಕ್ಕ ಕವಲು ಇದ್ದಾಗ ಸಮಾನಾರ್ಥಕ ಬದಲಾವಣೆ ಸೊನ್ನೆಯಾಗುವುದು ಸಹಜ. ಲೈಸೊಜೈಮ್‌ನ ಪಕ್ವ ರೂಪದಲ್ಲಿ ಇರುವುದೇ 130 ಅಮೈನೋ ಆಮ್ಲ, ಅಂದರೆ 390 ಅಕ್ಷರ. ಆ ಕಾರಣಕ್ಕೆ ಒಮೆಗಾದ ಬೆಲೆಯನ್ನು ಬಿಟ್ಟು, ಎರಡು ಮಾದರಿಗಳ ಲೈಕ್ಲಿಹುಡ್ ಅನ್ನು (ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆಂಬ ಅಳತೆಯನ್ನು) ಹೋಲಿಸುವ ಪರೀಕ್ಷೆಯನ್ನು ನೋಡಬೇಕು. ಅದಕ್ಕೂ ಮುನ್ನ ಅನುಕ್ರಮವನ್ನು ನೋಡಬೇಕು.

ಮೊದಲು ಅನುಕ್ರಮದ ಉದ್ದ ಮತ್ತು ಚೌಕಟ್ಟು

ಮಾನವನ ಲೈಸೊಜೈಮ್ ಯೂನಿಪ್ರಾಟ್ ಎಂಬ ಪ್ರೋಟೀನ್ ದತ್ತಸಂಚಯದಲ್ಲಿ ಪಿ61626 ಎಂಬ ಸಂಖ್ಯೆಯಡಿ ಇದೆ: ಒಟ್ಟು 148 ಅಮೈನೋ ಆಮ್ಲಗಳು, ಅದರಲ್ಲಿ ಮೊದಲ 18 ಕತ್ತರಿಸಿ ಹೋಗುವ ಸಂಕೇತ ಭಾಗ. ಸ್ಟಾಪ್ ಕೋಡಾನ್ ಸೇರಿದರೆ ಸಂಕೇತಿಸುವ ಅನುಕ್ರಮದ ಉದ್ದ 447 ಅಕ್ಷರ. ಈ ಒಂದು ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಉಳಿದ ಪ್ರಭೇದಗಳ ಉದ್ದವನ್ನು ಅದರ ಪಕ್ಕದಲ್ಲಿ ಬರೆಯುತ್ತಾ ಹೋದರೆ ಅರ್ಧ ದೋಷಗಳು ಅಲ್ಲೇ ಸಿಗುತ್ತವೆ. ಉದ್ದ ಸಾವಿರ ದಾಟಿದ್ದರೆ ಸಂಕೇತಿಸುವ ಭಾಗದ ಬದಲು ಇಡೀ ಎಂಆರ್‌ಎನ್‌ಎ ಇಳಿಸಿಕೊಂಡಿದ್ದೀರಿ. ಮೂರರಿಂದ ಭಾಗವಾಗದಿದ್ದರೆ ಅಕ್ಷರ ಬಿಟ್ಟುಹೋಗಿದೆ ಅಥವಾ ಸೇರಿದೆ. ನೂರು ಅಕ್ಷರದಷ್ಟು ಕಡಿಮೆಯಿದ್ದು ಮೂರರಿಂದ ಭಾಗವಾಗುತ್ತಿದ್ದರೆ ಒಂದು ಎಕ್ಸಾನ್ (ಜೀನಿನಲ್ಲಿ ಸಂಕೇತಿಸುವ ತುಂಡು) ಕಾಣೆಯಾಗಿದೆ ಅಥವಾ ಬೇರೆ ಐಸೊಫಾರ್ಮ್ (ಅದೇ ಜೀನಿನ ಇನ್ನೊಂದು ರೂಪ) ಕೈಗೆ ಬಂದಿದೆ.

ನಮ್ಮ ಪ್ರಕರಣದಲ್ಲಿ ವಿದ್ಯಾರ್ಥಿನಿಯ ಕಡತದಲ್ಲಿ ಎಲ್ಲ ಅನುಕ್ರಮಗಳೂ ಸರಿಯಾಗಿ 447 ಇದ್ದವು. ಅಲ್ಲಿಗೆ ನಾನೂ ನಿಶ್ಚಿಂತನಾಗಿ ಅರ್ಧ ದಿನ ಬೇರೆ ಕಡೆ ಹುಡುಕಿದೆ. ಸಂಜೆ ಆಕೆ ಮೂಲ ಕಡತವನ್ನು ತೆರೆದಾಗ ಆ ಪ್ರಭೇದದ ಅನುಕ್ರಮ 446 ಇತ್ತು. "ಮೂರರ ಗುಣಕ ಆಗಿಲ್ಲ ಅಂತ ಪ್ರೋಗ್ರಾಮು ನಿಂತುಬಿಡ್ತಿತ್ತು ಸರ್, ಸರಿಮಾಡ್ಕೊಂಡು ಓಡಿಸು ಅಂತ ನೀವೇ ಹೇಳಿದ್ರಿ" ಎಂದಳು. ಹೇಳಿದ್ದು ನಿಜ. ಆಕೆ ಅನುಕ್ರಮವನ್ನು ಅನುವಾದಿಸಿ ನೋಡಿದ್ದಳು. ನಡುವೆ ಒಂದು ಕಡೆ ಸ್ಟಾಪ್ ಕೋಡಾನ್ ಕಾಣಿಸಿಕೊಂಡಿತ್ತು. ಅದಕ್ಕೆ ಮೊದಲು, ಯಾವುದೆಂದು ತಿಳಿಯದ ಅಕ್ಷರವನ್ನು ಸೂಚಿಸುವ ಎನ್ ಒಂದನ್ನು ಸೇರಿಸಿದಾಗ ಸ್ಟಾಪ್ ಮಾಯವಾಗಿ, ಉದ್ದ 447 ಆಗಿ, ಪ್ರೋಟೀನಿನ ಬಾಲವೂ ಮಾನವನದಕ್ಕೆ ತಾಳೆಯಾಗಿತ್ತು. ಆದರೆ ಅಕ್ಷರ ನಿಜವಾಗಿ ಬಿಟ್ಟುಹೋಗಿದ್ದದ್ದು ಅದಕ್ಕೆ ಮೂವತ್ತು ಅಕ್ಷರಗಳಷ್ಟು ಹಿಂದೆ. ಅವೆರಡು ಬಿಂದುಗಳ ನಡುವಿನ ತುಂಡು ತಪ್ಪು ಚೌಕಟ್ಟಿನಲ್ಲೇ ಉಳಿದಿತ್ತು.

ಇದನ್ನು ಕನ್ನಡದಲ್ಲೇ ನೋಡಬಹುದು. "ಕಮಲ ಅರಳಿ ನಗುವ ಸಮಯ" ಎಂಬುದನ್ನು ಮೂರು ಮೂರು ಅಕ್ಷರವಾಗಿ ಓದಬೇಕು. ಮೊದಲ ಪದದ "ಮ" ಬಿದ್ದುಹೋದರೆ "ಕಲಅ ರಳಿನ ಗುವಸ ಮಯ" ಎಂದಾಗುತ್ತದೆ. ಈಗ "ವ" ಅಕ್ಷರದ ನಂತರ ಯಾವುದೋ ಒಂದು ಅಕ್ಷರವನ್ನು ತುರುಕಿದರೆ ಕೊನೆಯ "ಸಮಯ" ಸರಿಹೋಗುತ್ತದೆ, ಒಟ್ಟು ಅಕ್ಷರಗಳ ಲೆಕ್ಕವೂ ಸರಿಹೋಗುತ್ತದೆ, ನಡುವಿನ ಗೊಂದಲ ಮಾತ್ರ ಹಾಗೆಯೇ ಉಳಿಯುತ್ತದೆ. ಮೊದಲೂ ಕೊನೆಯೂ ನೋಡಿ ಸರಿಯಿದೆ ಎನ್ನುವವರಿಗೆ ಇದು ಸಿಗುವುದಿಲ್ಲ.

ಸ್ಟಾಪ್ ಕೋಡಾನ್ ಇಲ್ಲವೆಂಬ ಕಾರಣಕ್ಕೂ ಧೈರ್ಯ ತಾಳುವಂತಿಲ್ಲ. 64 ಕೋಡಾನ್‌ಗಳಲ್ಲಿ ಸ್ಟಾಪ್ ಮೂರೇ ಆದ್ದರಿಂದ ತಪ್ಪು ಚೌಕಟ್ಟಿನಲ್ಲಿ ಸರಾಸರಿ 21 ಕೋಡಾನ್‌ಗೆ ಒಂದು ಎದುರಾಗಬೇಕು. ಹತ್ತೇ ಕೋಡಾನ್‌ಗಳ ಜಾರಿದ ತುಂಡು ಒಂದೂ ಸ್ಟಾಪ್ ಇಲ್ಲದೆ ನುಸುಳಿಹೋಗುವ ಸಂಭವ ಶೇ. 62ರಷ್ಟಿದೆ. ಪರಿಹಾರ ಸರಳ: ಎನ್ ಅಕ್ಷರವನ್ನು ಅಂದಾಜಿನಲ್ಲಿ ಸೇರಿಸಬಾರದು. ಅನುಕ್ರಮವನ್ನು ಹತ್ತಿರದ ಸಂಬಂಧಿಯ ಡಿಎನ್‌ಎಯೊಡನೆ ಅಕ್ಷರಶಃ ಹೋಲಿಸಿದರೆ ಬಿಟ್ಟುಹೋದ ಜಾಗ ಖಾಲಿ ಗೆರೆಯಾಗಿ ಕಾಣುತ್ತದೆ. ಆ ಕೋಡಾನನ್ನು ಪೂರ್ತಿಯಾಗಿ ಎನ್‌ಎನ್‌ಎನ್ ಮಾಡಬೇಕು. ಚೌಕಟ್ಟಿನ ಜಾರಿಕೆಯನ್ನು ಗಮನಿಸಿ ಕೋಡಾನ್‌ಗಳನ್ನು ಜೋಡಿಸುವ ಮ್ಯಾಕ್ಸ್ ಎಂಬ ಪ್ರೋಗ್ರಾಮು ಈ ಕೆಲಸಕ್ಕೆಂದೇ ಇದೆ. ಸಂದೇಹ ಉಳಿದರೆ ಆ ಪ್ರಭೇದವನ್ನೇ ಕೈಬಿಡುವುದು ನನ್ನ ಪದ್ಧತಿ. ಒಂದು ಕೋತಿ ಕಡಿಮೆಯಾದರೆ ವರದಿ ಬಡವಾಗುವುದಿಲ್ಲ.

ರೆಫ್‌ಸೀಕ್ ಎಂಬ ಅನುಕ್ರಮ ಸಂಗ್ರಹದ ದಾಖಲೆಗಳ ಸಂಖ್ಯೆಯ ಮುಂದಿರುವ ಅಕ್ಷರಗಳೂ ಮಾತಾಡುತ್ತವೆ. ಎನ್‌ಎಂ ಎಂದು ಶುರುವಾದರೆ ಪ್ರಯೋಗದ ಆಧಾರವಿರುವ ಎಂಆರ್‌ಎನ್‌ಎ, ಎಕ್ಸ್‌ಎಂ ಎಂದಿದ್ದರೆ ಜೀನೋಮಿನಿಂದ ಕಂಪ್ಯೂಟರು ಊಹಿಸಿದ್ದು. ಊಹಿತ ಪ್ರೋಟೀನಿನ ಹೆಸರಿನ ಮುಂದೆ ಗುಣಮಟ್ಟ ಕಡಿಮೆಯೆಂಬ ಎಚ್ಚರಿಕೆಯ ಪಟ್ಟಿ ಅಂಟಿಸಿದ್ದರೆ, ಮೂಲ ಜೀನೋಮಿನಲ್ಲಿದ್ದ ಚೌಕಟ್ಟಿನ ಜಾರಿಕೆಯನ್ನೋ ಸ್ಟಾಪನ್ನೋ ಅಲ್ಲಿ ಸರಿಪಡಿಸಿ ತೋರಿಸಲಾಗಿದೆ ಎಂದರ್ಥ. ವಿದ್ಯಾರ್ಥಿಗಳು ಫಾಸ್ಟಾ ಕಡತದ ತಲೆಸಾಲನ್ನು ಚಿಕ್ಕದು ಮಾಡುವಾಗ ಮೊದಲು ಅಳಿಸುವುದು ಈ ಎಚ್ಚರಿಕೆಯನ್ನೇ.

ಇದು ನಮ್ಮಂಥವರ ಅಡ್ಡದಾರಿ ಮಾತ್ರವಲ್ಲ. ಚಿಂಪಾಂಜಿಯ ಕವಲಿನಲ್ಲಿ ಮಾನವನ ಕವಲಿಗಿಂತ ಹೆಚ್ಚು ಜೀನುಗಳು ಧನಾತ್ಮಕ ಆಯ್ಕೆಗೆ ಒಳಗಾಗಿವೆಯೆಂದು 2007ರಲ್ಲಿ ಒಂದು ಅಧ್ಯಯನ ಹೇಳಿತ್ತು. ಮಲ್ಲಿಕ್ ಮತ್ತು ಸಂಗಡಿಗರು 2009ರಲ್ಲಿ ಆ ಪಟ್ಟಿಯನ್ನು ಪರಿಶೀಲಿಸಿ, ಅದರ ಬಹುಭಾಗ ಚಿಂಪಾಂಜಿಯ ಆಗಿನ ಜೀನೋಮಿನ ಓದು, ಕಟ್ಟುವಿಕೆ ಮತ್ತು ಜೋಡಣೆಯ ದೋಷಗಳಿಂದ ಹುಟ್ಟಿದ್ದೆಂದು ತೋರಿಸಿದರು.

ಕಡತದ ಹೊರನೋಟದ ತೊಂದರೆಗಳನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಅನುಕ್ರಮಗಳನ್ನು ವರ್ಡ್‌ನಲ್ಲಿ ಅಂಟಿಸಿ ಉಳಿಸಬೇಡಿ, ನೋಟ್‌ಪ್ಯಾಡ್ ಸಾಕು. ನುಡಿ ಕೀಲಿಮಣೆ ಚಾಲನೆಯಲ್ಲಿರುವಾಗ ಪ್ರಭೇದದ ಹೆಸರನ್ನು ಟೈಪಿಸಿದರೆ ಹೆಸರು ಹೆಸರಾಗಿ ಉಳಿಯುವುದಿಲ್ಲ. ಕೋಡ್‌ಎಂಎಲ್‌ಗೆ ಹೆಸರಿಗೂ ಅನುಕ್ರಮಕ್ಕೂ ನಡುವೆ ಕನಿಷ್ಠ ಎರಡು ಖಾಲಿ ಜಾಗ ಬೇಕು, ಮತ್ತು ವಂಶವೃಕ್ಷದ ಕಡತದಲ್ಲಿರುವ ಹೆಸರು ಅಕ್ಷರಶಃ ಅದೇ ಇರಬೇಕು. ಕೊನೆಯ ಸ್ಟಾಪ್ ಕೋಡಾನನ್ನು ಎಲ್ಲ ಅನುಕ್ರಮಗಳಿಂದ ತೆಗೆದುಹಾಕಬೇಕು. ಮೈಟೊಕಾಂಡ್ರಿಯಾದ ಜೀನಾದರೆ ಕೋಡಾನ್ ಪಟ್ಟಿಯನ್ನು ಬದಲಿಸಬೇಕು. ಕಶೇರುಕಗಳ ಮೈಟೊಕಾಂಡ್ರಿಯಾದಲ್ಲಿ ಟಿಜಿಎ ಎಂಬುದು ಸ್ಟಾಪ್ ಅಲ್ಲ, ಟ್ರಿಪ್ಟೊಫಾನ್.

ಒಂದೇ ಹೆಸರಿನ ಬೇರೆ ಜೀನು

ಉದ್ದ, ಚೌಕಟ್ಟು ಎರಡೂ ಸರಿಯಿದ್ದರೆ ಮುಂದಿನ ಶಂಕೆ ಆರ್ಥೊಲಾಗ್‌ಗಳ ಮೇಲೆ. ಪ್ರಭೇದಗಳು ಕವಲೊಡೆದಾಗ ಬೇರೆಯಾದ ಪ್ರತಿಗಳು ಆರ್ಥೊಲಾಗ್‌ಗಳು. ಒಂದೇ ಜೀನೋಮಿನೊಳಗೆ ಜೀನು ಇಮ್ಮಡಿಯಾಗಿ ಹುಟ್ಟಿದವು ಪ್ಯಾರಾಲಾಗ್‌ಗಳು. ಅಣ್ಣತಮ್ಮಂದಿರ ಮಕ್ಕಳನ್ನು ಒಂದೇ ಮನೆಯ ಮಕ್ಕಳೆಂದು ಪಡಿತರ ಚೀಟಿಯಲ್ಲಿ ಬರೆದಂತೆ, ಇವುಗಳನ್ನು ಬೆರೆಸಿದರೆ ಕವಲುಗಳ ಉದ್ದ ತಪ್ಪುತ್ತದೆ. ಹಸುವಿನಲ್ಲಿ ಲೈಸೊಜೈಮ್‌ಗೆ ಸುಮಾರು ಹತ್ತು ಜೀನುಗಳಿವೆ; ಕೆಲವು ಹೊಟ್ಟೆಯಲ್ಲಿ ಕೆಲಸ ಮಾಡುತ್ತವೆ, ಉಳಿದವು ಬೇರೆ ಅಂಗಾಂಶಗಳಲ್ಲಿ. ಹುಡುಕುಪೆಟ್ಟಿಗೆಯಲ್ಲಿ ಜೀನಿನ ಹೆಸರು ಹೊಡೆದು ಮೊದಲು ಬಂದದ್ದನ್ನು ಇಳಿಸಿಕೊಂಡವರಿಗೆ ಯಾವುದು ಸಿಕ್ಕಿದೆಯೆಂಬುದು ಅದೃಷ್ಟದ ಮಾತು.

ತಪಾಸಣೆಗೆ ಎನ್ಸೆಂಬಲ್ ಎಂಬ ಜೀನೋಮ್ ತಾಣದ ಜೀನ್ ವೃಕ್ಷವನ್ನು ತೆರೆಯಿರಿ. ನಿಮ್ಮ ಪ್ರಭೇದಗಳು ಪ್ರಾಣಿಗಳ ವಂಶಕ್ರಮಕ್ಕೆ ತಕ್ಕಂತೆ ಕುಳಿತಿವೆಯೇ, ನಡುವೆ ಇಮ್ಮಡಿಯಾದ ಗುರುತು ಇದೆಯೇ ಎಂದು ನೋಡಿ. ಎನ್‌ಸಿಬಿಐ ಎಂಬ ಅಮೆರಿಕದ ದತ್ತಸಂಚಯದ ಜೀನ್ ಪುಟದಲ್ಲಿ ಅಕ್ಕಪಕ್ಕದ ಜೀನುಗಳೂ ಕಾಣುತ್ತವೆ. ನೆರೆಹೊರೆ ಒಂದೇ ಆಗಿದ್ದರೆ ಜೀನೂ ಅದೇ ಎನ್ನಲು ಬಲ ಬರುತ್ತದೆ. ಎರಡೂ ಕಡೆ ಸಂದೇಹವಿದ್ದರೆ ಹಸುವನ್ನು ಬಿಟ್ಟು ಕೋತಿ, ಮುಸುವ, ವಾನರಗಳಲ್ಲೇ ಕೆಲಸ ಮುಗಿಸುವುದು ಮೇಲು.

ಜೋಡಣೆ

ಡಿಎನ್‌ಎಯನ್ನು ನೇರವಾಗಿ ಜೋಡಿಸಬಾರದು. ಮೊದಲು ಪ್ರೋಟೀನಿಗೆ ಅನುವಾದಿಸಿ, ಪ್ರೋಟೀನುಗಳನ್ನು ಜೋಡಿಸಿ, ಆಮೇಲೆ ಪಾಲ್2ನಾಲ್‌ನಂತಹ ಸಾಧನದಿಂದ ಕೋಡಾನ್‌ಗಳನ್ನು ಆ ಜೋಡಣೆಯ ಮೇಲೆ ಕೂರಿಸಬೇಕು. ಹೀಗೆ ಮಾಡಿದರೆ ಖಾಲಿ ಗೆರೆಗಳು ಮೂರರ ಗುಂಪಿನಲ್ಲೇ ಬರುತ್ತವೆ. ಜೋಡಣೆಯ ತಪ್ಪುಗಳು, ಆರಿಸಿದ ಕವಲಿನಲ್ಲಿ ಕೆಲವು ಸ್ಥಾನಗಳ ಮೇಲಿನ ಆಯ್ಕೆಯನ್ನು ಹುಡುಕುವ ಕವಲು-ಸ್ಥಾನ ಪರೀಕ್ಷೆಯಲ್ಲಿ ಸುಳ್ಳು ಸಂಕೇತಗಳನ್ನು ತುಂಬಿಸುತ್ತವೆಯೆಂದೂ, ಹೋಲಿಸಿದ ಪ್ರೋಗ್ರಾಮುಗಳ ಪೈಕಿ ಪ್ರ್ಯಾಂಕ್ ಕಡಿಮೆ ಮೋಸಮಾಡುತ್ತದೆಯೆಂದೂ 2010ರಲ್ಲಿ ಫ್ಲೆಚರ್ ಮತ್ತು ಯಾಂಗ್ ತೋರಿಸಿದರು. ಪ್ರ್ಯಾಂಕ್ ಹೊಂದಿಕೆಯಾಗದ ತುಂಡುಗಳನ್ನು ಬಲವಂತವಾಗಿ ಒಂದೇ ಕಂಬಕ್ಕೆ ತಳ್ಳದೆ ಖಾಲಿ ಬಿಡುವುದೇ ಇದಕ್ಕೆ ಕಾರಣ. ಆದ್ದರಿಂದ ಫಲಿತಾಂಶ ಬಂದ ಮೇಲೆ ಮ್ಯಾಫ್ಟ್‌ನಲ್ಲಿ ಒಮ್ಮೆ, ಪ್ರ್ಯಾಂಕ್‌ನಲ್ಲಿ ಒಮ್ಮೆ ಜೋಡಿಸಿ ಓಡಿಸಿ. ಒಂದರಲ್ಲಿ ಬಂದ ಸಂಕೇತ ಇನ್ನೊಂದರಲ್ಲಿ ಕಾಣೆಯಾದರೆ ಅದನ್ನು ಜೋಡಣೆಯ ಸೃಷ್ಟಿಯೆಂದು ಭಾವಿಸಬೇಕು.

ಇದಕ್ಕಿಂತ ಹೆಚ್ಚು ನಂಬುವುದು ನಾನು ಕಣ್ಣನ್ನು. ಲೈಸೊಜೈಮ್‌ನಲ್ಲಿ ಎಂಟು ಸಿಸ್ಟೀನ್‌ಗಳು ನಾಲ್ಕು ಗಂಧಕದ ಸೇತುವೆಗಳನ್ನು ಕಟ್ಟುತ್ತವೆ. ಅವು ಅಲುಗಾಡಿದರೆ ಪ್ರೋಟೀನು ನಿಲ್ಲುವುದು ಕಷ್ಟ. ಜೋಡಣೆಯನ್ನು ಮುದ್ರಿಸಿ ಎಂಟು ಸಿಸ್ಟೀನ್ ಕಂಬಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವಂತೆ ಈಗ ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಒಂದು ಪ್ರಭೇದದಲ್ಲಿ ಗೆರೆ ತಪ್ಪಿದರೆ, ಅಥವಾ ಸಿಸ್ಟೀನ್ ಇರಬೇಕಾದ ಸ್ಥಾನವೇ ಧನಾತ್ಮಕ ಆಯ್ಕೆಯ ಪಟ್ಟಿಯಲ್ಲಿ ಬಂದರೆ, ಮಾದರಿಯ ತನಕ ಹೋಗುವ ಅಗತ್ಯವೇ ಇಲ್ಲ. ನಮ್ಮ ಪ್ರಕರಣದಲ್ಲಿ ಜಾರಿದ ತುಂಡಿನೊಳಗೆ ಒಂದು ಸಿಸ್ಟೀನ್ ಸಿಕ್ಕಿಹಾಕಿಕೊಂಡಿತ್ತು. ಆ ಗೆರೆಯನ್ನು ಮೊದಲ ದಿನವೇ ಎಳೆದಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು.

ಮಾದರಿಯ ಓಟದಲ್ಲಿ

ಕಡತ ಶುದ್ಧವಾದ ಮೇಲೂ ಸಂಕೇತ ಉಳಿದರೆ ಲೆಕ್ಕವನ್ನು ಪರಿಶೀಲಿಸಬೇಕು. ಸ್ಥಾನವಾರು ಮಾದರಿಗಳಲ್ಲಿ ಎಂ1ಎ ಎಂಬುದು ಧನಾತ್ಮಕ ಆಯ್ಕೆ ಇಲ್ಲವೆನ್ನುವ ಮಾದರಿ, ಎಂ2ಎ ಎಂಬುದು ಇದೆಯೆನ್ನುವ ಮಾದರಿ. ಮೊದಲನೆಯದರ ಲಾಗ್ ಲೈಕ್ಲಿಹುಡ್ −1042.6, ಎರಡನೆಯದರದು −1038.9 ಎಂದಿಟ್ಟುಕೊಳ್ಳಿ. ವ್ಯತ್ಯಾಸ 3.7, ಅದರ ಎರಡರಷ್ಟು 7.4. ಸ್ವಾತಂತ್ರ್ಯಾಂಶ (ಎರಡನೆಯ ಮಾದರಿಯಲ್ಲಿ ಹೆಚ್ಚಿಗೆ ಅಂದಾಜಿಸುವ ಬೆಲೆಗಳ ಸಂಖ್ಯೆ) ಎರಡಾದ್ದರಿಂದ ಶೇ. 5ರ ಗಡಿ 5.99, ಗಡಿ ದಾಟಿದೆ, ಪಿ ಬೆಲೆ ಸುಮಾರು 0.025. ಒಂದೇ ಜೀನನ್ನು ಪರೀಕ್ಷಿಸಿದ್ದರೆ ಇದು ಸಾಕು. ಇಪ್ಪತ್ತು ಜೀನುಗಳನ್ನು ಪರೀಕ್ಷಿಸಿ ಇದೊಂದನ್ನು ಹೆಕ್ಕಿದ್ದರೆ ಗಡಿಯನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸುವ ಬಾನ್‌ಫೆರೋನಿ ಲೆಕ್ಕದ ಗಡಿ 0.0025 ಆಗುತ್ತದೆ, ಆಗ ಸಾಲದು. ಉಳಿದ ಹತ್ತೊಂಬತ್ತು ಜೀನುಗಳನ್ನು ವರದಿಯಲ್ಲಿ ಹೇಳದೆ ಬಿಡುವ ಅಭ್ಯಾಸವನ್ನು ನಾನು ದೋಷವೆಂದೇ ಎಣಿಸುತ್ತೇನೆ.

ವ್ಯತ್ಯಾಸ ಋಣಾತ್ಮಕವಾಗಿ ಬಂದರೆ, ಅಂದರೆ ಹೆಚ್ಚು ಸ್ವತಂತ್ರವಾದ ಮಾದರಿಯೇ ಕೆಟ್ಟದಾಗಿ ಹೊಂದಿದರೆ, ಅದು ಜೀವಶಾಸ್ತ್ರದ ಸಂಗತಿಯಲ್ಲ. ಪ್ರೋಗ್ರಾಮು ಶಿಖರಕ್ಕೆ ಹೋಗದೆ ಪಕ್ಕದ ದಿಣ್ಣೆಯ ಮೇಲೆ ನಿಂತಿದೆ. ಒಮೆಗಾದ ಆರಂಭದ ಬೆಲೆಯನ್ನು 0.5, 1, 2 ಹೀಗೆ ಬದಲಿಸಿ ಮತ್ತೆ ಓಡಿಸಿ, ಬಂದುದರಲ್ಲಿ ಅತಿ ಹೆಚ್ಚಿನ ಲೈಕ್ಲಿಹುಡ್ ಇರುವುದನ್ನು ತೆಗೆದುಕೊಳ್ಳಬೇಕು. ಎಂ7 (ಆಯ್ಕೆ ಇಲ್ಲವೆನ್ನುವುದು) ಮತ್ತು ಎಂ8 (ಇದೆಯೆನ್ನುವುದು) ಎಂಬ ಇನ್ನೊಂದು ಜೋಡಿಯ ಹೋಲಿಕೆಯಲ್ಲಿ ಮಾತ್ರ ಸಂಕೇತ ಬಂದು ಎಂ2ಎಯಲ್ಲಿ ಬಾರದಿದ್ದರೆ ಎಂ8ರ ಆಯ್ಕೆಯ ಗುಂಪಿನ ಒಮೆಗಾವನ್ನು 1ಕ್ಕೆ ಕಟ್ಟಿಹಾಕಿದ ಎಂ8ಎ ಎಂಬ ಮಾದರಿಯೊಡನೆ ಎಂ8ನ್ನು ಹೋಲಿಸಿ. ಒಮೆಗಾ 1ರ ಸುತ್ತಮುತ್ತ ಇರುವ ಸಡಿಲವಾದ ಸ್ಥಾನಗಳನ್ನು ಎಂ7 ಹಿಡಿಯಲಾರದು, ಆ ಕೊರತೆಯೇ ಆಯ್ಕೆಯಂತೆ ತೋರುತ್ತದೆ.

ಸಡಿಲಿಕೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಒಂದು ಕವಲಿನ ಒಮೆಗಾ ಉಳಿದವುಗಳಿಗಿಂತ ಹೆಚ್ಚಿದೆ ಎಂಬುದು, 1ನ್ನು ದಾಟಿದೆ ಎಂಬುದಕ್ಕೆ ಸಮವಲ್ಲ. 0.1ರಿಂದ 0.7ಕ್ಕೆ ಏರಿದ್ದರೆ ಜೀನಿನ ಮೇಲಿನ ಕಾವಲು ಸಡಿಲಗೊಂಡಿರಬಹುದು. ಡೇಟಾಮಂಕಿ ತಾಣದ ರಿಲ್ಯಾಕ್ಸ್ ಪರೀಕ್ಷೆ ಇದಕ್ಕೆಂದೇ ಇದೆ: ಅದರ ಕೆ ಬೆಲೆ 1ಕ್ಕಿಂತ ಕಡಿಮೆಯಾದರೆ ಸಡಿಲಿಕೆ, ಹೆಚ್ಚಾದರೆ ಬಿಗಿ. ಅದೇ ತಾಣದಲ್ಲಿ ಗಾರ್ಡ್ ಎಂಬ ಸಾಧನವಿದೆ. ಜೀನಿನ ಬೇರೆ ಬೇರೆ ತುಂಡುಗಳಿಗೆ ಬೇರೆ ಬೇರೆ ವಂಶವೃಕ್ಷ ಇದ್ದರೆ, ಅಂದರೆ ಮರುಸಂಯೋಜನೆ ನಡೆದಿದ್ದರೆ, ಒಂದೇ ವೃಕ್ಷವನ್ನು ಹೇರುವುದರಿಂದ ಸುಳ್ಳು ಸಂಕೇತ ಹುಟ್ಟುತ್ತದೆ. ಗಾರ್ಡ್ ಮೊದಲು, ಉಳಿದದ್ದು ಆಮೇಲೆ. ಲೆಕ್ಕವೆಲ್ಲ ದೂರದ ಸರ್ವರ್‌ನಲ್ಲಿ ನಡೆಯುವುದರಿಂದ ಮಧ್ಯಾಹ್ನ ಕರೆಂಟು ಹೋದರೂ ಓಟ ನಿಲ್ಲುವುದಿಲ್ಲವೆಂಬುದು ನಮಗೆ ಸಿಗುವ ಹೆಚ್ಚಿನ ಅನುಕೂಲ.

ಕವಲು-ಸ್ಥಾನ ಪರೀಕ್ಷೆಯಲ್ಲಿ ಇನ್ನೊಂದು ಸೂಕ್ಷ್ಮ ದೋಷವನ್ನು 2018ರಲ್ಲಿ ವೆಂಕಟ್, ಹಾನ್ ಮತ್ತು ಥಾರ್ನ್‌ಟನ್ ಎತ್ತಿ ತೋರಿಸಿದರು. ಒಂದೇ ಕೋಡಾನಿನ ಎರಡು ಮೂರು ಅಕ್ಷರಗಳು ಒಂದೇ ಏಟಿಗೆ ಬದಲಾಗುವ ರೂಪಾಂತರಗಳು ನಿಸರ್ಗದಲ್ಲಿವೆ; ಮಾದರಿಯಾದರೋ ಅವು ಒಂದೊಂದಾಗಿ ನಡೆದವೆಂದು ತಿಳಿದು ಆಯ್ಕೆಯನ್ನು ಊಹಿಸುತ್ತದೆ. ನಿಮ್ಮ ಸಂಕೇತವೆಲ್ಲ ಹೀಗೆ ಎರಡು ಮೂರು ಅಕ್ಷರ ಬದಲಾದ ಒಂದೆರಡು ಕೋಡಾನ್‌ಗಳ ಮೇಲೆ ನಿಂತಿದ್ದರೆ ಅವನ್ನು ತೆಗೆದು ಮತ್ತೆ ಓಡಿಸಿ ನೋಡಿ.

ಸಂಕೇತವೇ ಬಾರದಿದ್ದಾಗ

ವಿರುದ್ಧ ದಿಕ್ಕಿನ ದೂರೂ ಇದೆ: ಇರಬೇಕಾದ ಕಡೆ ಏನೂ ಕಾಣುವುದಿಲ್ಲ. ಇದಕ್ಕೆ ಸಾಮಾನ್ಯ ಕಾರಣ ಸರಾಸರಿ. ಇಡೀ ಜೀನಿನ ಒಮೆಗಾ 0.3 ಬಂದರೂ ಒಳಗೆ ಹತ್ತು ಸ್ಥಾನಗಳು ತೀವ್ರ ಆಯ್ಕೆಯಲ್ಲಿರಬಹುದು. ರೋಗನಿರೋಧಕ ವ್ಯವಸ್ಥೆಯ ಎಂಎಚ್‌ಸಿ ಜೀನುಗಳಲ್ಲಿ ಪ್ರತಿಜನಕದ ತುಣುಕನ್ನು ಹಿಡಿಯುವ ಭಾಗವನ್ನು ಮಾತ್ರ ಪ್ರತ್ಯೇಕಿಸಿ ನೋಡಿದ್ದರಿಂದಲೇ 1988ರಲ್ಲಿ ಹ್ಯೂಸ್ ಮತ್ತು ನೇಯಿ ಅವರಿಗೆ ಆಯ್ಕೆ ಕಂಡಿತು. ಪ್ರಭೇದಗಳು ತೀರ ದೂರದವಾದರೆ ಸಮಾನಾರ್ಥಕ ಸ್ಥಾನಗಳು ಮತ್ತೆ ಮತ್ತೆ ಬದಲಾಗಿ ಲೆಕ್ಕ ತಪ್ಪುತ್ತದೆ. ತೀರ ಹತ್ತಿರದವಾದರೆ ಎಣಿಸಲು ಬದಲಾವಣೆಗಳೇ ಇರುವುದಿಲ್ಲ.

ಒಂದೇ ಪ್ರಭೇದದ ವ್ಯಕ್ತಿಗಳನ್ನು ಹೋಲಿಸಿ ಒಮೆಗಾ ಹುಡುಕುವುದು ಸಾಧನವನ್ನೇ ತಪ್ಪಾಗಿ ಹಿಡಿದಂತೆ. ಅಲ್ಲಿ ಕಾಣುವ ವ್ಯತ್ಯಾಸಗಳು ಇನ್ನೂ ಅತ್ತಿತ್ತ ತೂಗುತ್ತಿರುವ ಭಿನ್ನತೆಗಳು, ನೆಲೆಯೂರಿದ ಬದಲಾವಣೆಗಳಲ್ಲ. ಇದಕ್ಕೆ ಮೆಕ್‌ಡೊನಾಲ್ಡ್–ಕ್ರೈಟ್‌ಮನ್ ಪರೀಕ್ಷೆ ತಕ್ಕದ್ದು. 1991ರ ಅವರ ಲೆಕ್ಕದಲ್ಲಿ ಹಣ್ಣುನೊಣದ ಒಂದು ಜೀನಿನಲ್ಲಿ ಪ್ರಭೇದಗಳ ನಡುವೆ ನೆಲೆಯೂರಿದ ಅರ್ಥಪಲ್ಲಟಗಳು 7, ಸಮಾನಾರ್ಥಕಗಳು 17. ಪ್ರಭೇದದೊಳಗಿನ ಭಿನ್ನತೆಗಳಲ್ಲಿ ಅವು ಕ್ರಮವಾಗಿ 2 ಮತ್ತು 42. ಒಳಗಿನ ಅನುಪಾತಕ್ಕಿಂತ ನಡುವಿನ ಅನುಪಾತ ದೊಡ್ಡದಾಗಿರುವುದೇ ಆಯ್ಕೆಯ ಗುರುತು.

ಕೆಲವು ಆಯ್ಕೆಗಳು ಪ್ರೋಟೀನಿನಲ್ಲಿ ಇರುವುದೇ ಇಲ್ಲ. ಚಳ್ಳಕೆರೆ ಸೀಮೆಯ ದನಗಾರರ ಬಗ್ಗೆ ಕೇಳಿ ಬೆಳೆದ ಒಬ್ಬ ಹುಡುಗ ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಜೀನಿನಲ್ಲಿ ಒಮೆಗಾ ಹುಡುಕಲು ಹೊರಟಿದ್ದ. ದೊಡ್ಡವರಾದ ಮೇಲೂ ಲ್ಯಾಕ್ಟೇಸ್ ತಯಾರಾಗುತ್ತಿರುವಂತೆ ಮಾಡುವ, ಯುರೋಪಿನಲ್ಲಿಯೂ ಭಾರತದಲ್ಲಿಯೂ ಕಂಡುಬರುವ ಬದಲಾವಣೆ ಆ ಜೀನಿಗೆ 13,910 ಅಕ್ಷರ ಹಿಂದೆ, ನೆರೆಯ ಎಂಸಿಎಂ6 ಜೀನಿನಲ್ಲಿ ಪ್ರೋಟೀನಿಗೆ ಅನುವಾದವಾಗದ ಇಂಟ್ರಾನ್ ಒಂದರಲ್ಲಿದೆ. ಕೋಡಾನ್ ಎಣಿಸುವ ಯಾವ ವಿಧಾನಕ್ಕೂ ಅದು ಕಾಣುವುದಿಲ್ಲ. 1000 ಜೀನೋಮ್ಸ್ ದತ್ತಾಂಶದಲ್ಲಿರುವ 2504 ಜನರ ಹ್ಯಾಪ್ಲೊಟೈಪ್‌ಗಳಂಥವನ್ನು (ಒಟ್ಟಾಗಿ ಬಳುವಳಿಯಾಗಿ ಬರುವ ಭಿನ್ನತೆಗಳ ಸಾಲುಗಳನ್ನು) ನೋಡಬೇಕು.

ಸ್ಥಾನಗಳ ಸಂಖ್ಯೆ

ಎಲ್ಲ ದಾಟಿದ ಮೇಲೂ ಒಂದು ಹಳ್ಳವಿದೆ. ಕೋಡ್‌ಎಂಎಲ್ ಕೊಡುವ ಸ್ಥಾನಸಂಖ್ಯೆ ನಿಮ್ಮ ಜೋಡಣೆಯ ಕಂಬದ ಸಂಖ್ಯೆ. ಖಾಲಿ ಗೆರೆಯಿರುವ ಕಂಬಗಳನ್ನು ಕಿತ್ತುಹಾಕುವ ಆಯ್ಕೆಯನ್ನು ಚಾಲೂ ಮಾಡಿದ್ದರೆ ಅದೂ ಅಲ್ಲ. ಲೈಸೊಜೈಮ್‌ನಲ್ಲಿ ಈ ಗೊಂದಲ ಅಪಾಯಕಾರಿ. ಪಕ್ವ ಪ್ರೋಟೀನಿನ 35ನೆಯ ಗ್ಲುಟಮಿಕ್ ಆಮ್ಲ ಮತ್ತು 53ನೆಯ ಆಸ್ಪಾರ್ಟಿಕ್ ಆಮ್ಲ ಎರಡೂ ಕಿಣ್ವದ ಕೆಲಸದ ಜಾಗಗಳು. ಸಂಕೇತ ಭಾಗದ 18ನ್ನು ಸೇರಿಸಿ ಎಣಿಸಿದರೆ ಅವು 53 ಮತ್ತು 71 ಆಗುತ್ತವೆ. ಹಾಗಾಗಿ 53 ಎಂದು ಬರೆದ ವರದಿ ಯಾವ ಸ್ಥಾನದ ಬಗ್ಗೆ ಮಾತಾಡುತ್ತಿದೆಯೆಂಬುದು ಎಣಿಕೆಯ ಆರಂಭವನ್ನು ಹೇಳದಿದ್ದರೆ ತಿಳಿಯುವುದಿಲ್ಲ. ಮುಸುವ ಮತ್ತು ಹಸು ಹಂಚಿಕೊಂಡಿವೆಯೆನ್ನಲಾದ 14, 21, 75, 87ರಂತಹ ಸ್ಥಾನಗಳೂ ಪಕ್ವ ಪ್ರೋಟೀನಿನ ಎಣಿಕೆಯವು. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿರುವ 1ಎಲ್‌ಝಡ್1 ಎಂಬ ಮಾನವ ಲೈಸೊಜೈಮ್‌ನ ರಚನೆಯ ಮೇಲೆ ಸ್ಥಾನಗಳನ್ನು ಗುರುತಿಸಿ, ಅವು ಹೊರಮೈಯಲ್ಲಿವೆಯೇ ಗರ್ಭದಲ್ಲಿವೆಯೇ ಎಂದು ನೋಡಿದರೆ ಎಣಿಕೆಯ ತಪ್ಪೂ ಬೇಗ ಹೊರಬೀಳುತ್ತದೆ.

ನಮ್ಮ ವಿದ್ಯಾರ್ಥಿನಿ ಬಿಟ್ಟುಹೋದ ಅಕ್ಷರದ ಜಾಗವನ್ನು ಪತ್ತೆಮಾಡಿ, ಆ ಕೋಡಾನನ್ನು ಎನ್‌ಎನ್‌ಎನ್ ಮಾಡಿ, ಮುಂದೆ ತಾನು ಸೇರಿಸಿದ್ದ ಎನ್ ಅನ್ನು ತೆಗೆದು ಮತ್ತೆ ಓಡಿಸಿದಳು. ತುದಿಯ ಕವಲಿನ 999 ಹೋಯಿತು, ಒಂಬತ್ತು ಸ್ಥಾನಗಳೂ ಹೋದವು. ಪೂರ್ವಜನ ಕವಲಿಗೆ ಗುರುತು ಹಾಕಿ ಓಡಿಸಿದಾಗ ಚದುರಿದ ಕೆಲವು ಬದಲಾವಣೆಗಳು ಉಳಿದವು. ವರದಿಯ ಅನುಬಂಧದಲ್ಲಿ ಆಕೆ ಪ್ರತಿ ದಾಖಲೆಯ ಸಂಖ್ಯೆಯನ್ನು ಅದರ ಆವೃತ್ತಿಯ ಅಂಕಿಯ ಸಮೇತ, ಇಳಿಸಿಕೊಂಡ ದಿನಾಂಕ, ಮೂಲ ಉದ್ದ, ತಿದ್ದಿದ ಉದ್ದ ಮತ್ತು ತಿದ್ದುಪಡಿಯ ಜಾಗವನ್ನು ಒಂದೊಂದು ಸಾಲಿನಲ್ಲಿ ಬರೆದಳು. ಆ ಪ್ರಭೇದದ ಸಾಲಿನಲ್ಲಿ 446 ಎಂಬ ಅಂಕಿ ಹಾಗೆಯೇ ಇದೆ.